ಅಲ್ಲಿ ಏನಿದೆ, ಇಲ್ಲಿ ಏನಿಲ್ಲ?

ಕುಮಟಾದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

“ತಂದೆಯವರು ಕ್ಯಾನ್ಸರ್‌ನಿಂದ ಬಳಲುತ್ತಿದ್ದು, ಹೆಚ್ಚಿನ ಚಿಕಿತ್ಸೆಗೆ ವಿದೇಶಕ್ಕೆ ಕರೆದೊಯ್ಯಬೇಕಾಗಿದೆ. ಸಹೃದಯ ದಾನಿಗಳು ನೆರವಾಗಬೇಕಾಗಿ ವಿನಂತಿ.” ಈ ಒಕ್ಕಣೆ ನಮಗೆಲ್ಲ ಪರಿಚಿತ. ಪತ್ರಿಕೆಯ ಒಳಪುಟದಲ್ಲಿ, ಸೊಸೈಟಿಯ ಗೋಡೆಯ ಮೇಲೆ, ಅಂಗಡಿಯ ಗಲ್ಲೆಯ ಪಕ್ಕದ ಡಬ್ಬಿಯ ಮೇಲೆ, ಈಗ ಬೆಳಗಾದರೆ ಮೊಬೈಲಿನಲ್ಲಿ ಇದನ್ನು ಓದುತ್ತೇವೆ. ಕೈಲಾದಷ್ಟು ಕೊಟ್ಟಿದ್ದೇವೆ. ಹೀಗೆ ಕೇಳಬೇಕಾಗಿ ಬಂದವರೂ ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಎದುರು ಈ ವಿಷಯ ಎತ್ತುವಾಗ ಒಂದೊಂದು ಮಾತನ್ನೂ ತೂಗಿ ಆಡಬೇಕು ಎಂಬುದು ನನಗೆ ಗೊತ್ತಿದೆ.

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ದುಡಿದವನು. ಶಿರಸಿ, ಕುಮಟಾ, ಕಾರವಾರದ ಶಾಖೆಗಳಲ್ಲಿ ಮೇಜಿನ ಈಚೆ ಕುಳಿತು, ಚಿಕಿತ್ಸೆಗೆಂದು ಠೇವಣಿ ಮುರಿಸಲು ಬಂದವರನ್ನು, ಕರಿಮಣಿಯೊಂದನ್ನು ಬಿಟ್ಟು ಮೈಮೇಲಿನ ಚಿನ್ನವನ್ನೆಲ್ಲ ತಕ್ಕಡಿಗೆ ಹಾಕಿದವರನ್ನು, ತೋಟದ ಪಹಣಿ ಹಿಡಿದು ನಿಂತವರನ್ನು ನೋಡಿದ್ದೇನೆ. ನಿವೃತ್ತಿಯ ನಂತರ ಅಂಥ ಕುಟುಂಬಗಳಿಗೆ ಅರ್ಜಿ ಬರೆದುಕೊಡುತ್ತೇನೆ, ಸಹಾಯ ನಿಧಿಗಳ ಲೆಕ್ಕ ಇಡುತ್ತೇನೆ. ಈ ಅನುಭವದಿಂದ ಒಂದು ಮಾತನ್ನು ಒತ್ತಿ ಹೇಳಲು ಇಲ್ಲಿಗೆ ಬಂದಿದ್ದೇನೆ. ಪರದೇಶಕ್ಕೆ ಹೊರಡುವ ಮೊದಲು, ಊರಿನ ಮುಂದೆ ಕೈಚಾಚುವ ಮೊದಲು, ತೋಟಕ್ಕೆ ಗಿರಾಕಿ ಹುಡುಕುವ ಮೊದಲು ಒಂದು ಪ್ರಶ್ನೆಗೆ ವೈದ್ಯರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಅಲ್ಲಿ ಏನಿದೆ, ಇಲ್ಲಿ ಏನಿಲ್ಲ? ಈ ಪ್ರಶ್ನೆ ನನ್ನದಲ್ಲ. ಯಾರದೆಂದು ಮುಂದೆ ಹೇಳುತ್ತೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ವಿದೇಶದ ಯೋಚನೆ ಬೇಗ ಬರುವುದಕ್ಕೆ ಕಾರಣವಿದೆ. ದೊಡ್ಡ ಕಾಯಿಲೆ ಎಂದರೆ ಜಿಲ್ಲೆಯ ಗಡಿ ದಾಟುವುದು ಎಂದೇ ನಾವು ಬೆಳೆದದ್ದು. ಕಾರವಾರದವರು ಕಾಳಿ ಸೇತುವೆ ದಾಟಿ ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು ನಿಜ. ಆದರೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯ ಜನ ಬೀದಿಗಿಳಿಯಬೇಕಾಯಿತು. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿದ್ದನ್ನು ಯಾರೂ ಮರೆತಿಲ್ಲ. ದೂರ ಹೋದಷ್ಟೂ ಚಿಕಿತ್ಸೆ ಚೆನ್ನ ಎಂಬ ನಂಬಿಕೆ ಹೀಗೆ ಬದುಕಿನ ಪೆಟ್ಟಿನಿಂದಲೇ ಬಂದದ್ದು. ಮಣಿಪಾಲದಲ್ಲಿ ಗುಣ ಕಾಣದಿದ್ದರೆ ಮುಂಬೈ, ಮುಂಬೈಯಲ್ಲೂ ಕಾಣದಿದ್ದರೆ ಅಮೆರಿಕ ಎಂದು ಮನಸ್ಸು ತಾನಾಗಿಯೇ ಮುಂದೆ ಓಡುತ್ತದೆ.

ಇದರ ಜೊತೆಗೆ ದೊಡ್ಡವರ ಉದಾಹರಣೆಗಳೂ ಕಣ್ಣ ಮುಂದಿವೆ. ಕ್ರಿಕೆಟಿಗ ಯುವರಾಜ್ ಸಿಂಗ್ 2012ರಲ್ಲಿ ಅಮೆರಿಕದಲ್ಲಿ ಕಿಮೊಥೆರಪಿ ಪಡೆದು ಗುಣವಾಗಿ, ಮತ್ತೆ ಮೈದಾನಕ್ಕಿಳಿದರು. ಅಮೆರಿಕಕ್ಕೆ ಹೋದದ್ದರಿಂದಲೇ ಗುಣವಾಯಿತು ಎಂದು ಊರು ಅರ್ಥ ಮಾಡಿಕೊಂಡಿತು. ಅವರಿಗೆ ಬಂದದ್ದು ಜರ್ಮ್ ಸೆಲ್ ಜಾತಿಯ ಗಡ್ಡೆ. ಕಿಮೊಥೆರಪಿಗೆ ಅತ್ಯಂತ ಚೆನ್ನಾಗಿ ಬಗ್ಗುವ ಕ್ಯಾನ್ಸರ್‌ಗಳಲ್ಲಿ ಅದೂ ಒಂದು. ಆ ಜಾತಿಯ ಗಡ್ಡೆಗೆ ಕೊಡುವ ಮುಖ್ಯ ಔಷಧಿಗಳು ದಶಕಗಳಷ್ಟು ಹಳೆಯವು, ನಮ್ಮ ದೇಶದ ಆಸ್ಪತ್ರೆಗಳಲ್ಲೂ ಸಿಗುತ್ತವೆ. ಇನ್ನೊಂದು ಕಡೆ, ನಮ್ಮ ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಅವರು 2018ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಚಿಕಿತ್ಸೆ ಪಡೆದರು. 2019ರ ಮಾರ್ಚ್ 17ರಂದು ಪಣಜಿಯಲ್ಲಿ ತೀರಿಕೊಂಡರು. ಅವರದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕೇಂದ್ರ ಸಚಿವರಾಗಿದ್ದ ಅನಂತಕುಮಾರ್ ಅವರೂ ಶ್ವಾಸಕೋಶದ ಕ್ಯಾನ್ಸರ್‌ಗೆ ನ್ಯೂಯಾರ್ಕ್‌ನಲ್ಲಿ ಚಿಕಿತ್ಸೆ ಪಡೆದು ಮರಳಿ, 2018ರ ನವೆಂಬರ್ 12ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಹಣಕ್ಕಾಗಲಿ ಪ್ರಭಾವಕ್ಕಾಗಲಿ ಅವರಿಗೆ ಕೊರತೆ ಇರಲಿಲ್ಲ. ಕ್ಯಾನ್ಸರ್ ಯಾವ ಜಾತಿಯದು, ಎಷ್ಟು ಹರಡಿದೆ ಎಂಬುದೇ ಬಹುಪಾಲು ನಿರ್ಣಯಿಸುತ್ತದೆ. ಆಸ್ಪತ್ರೆ ಯಾವ ದೇಶದ್ದು ಎಂಬ ಪ್ರಶ್ನೆ ಅದರ ನಂತರದ್ದು.

ಈಗ ಆ ಪ್ರಶ್ನೆಯ ಮೂಲಕ್ಕೆ ಬರುತ್ತೇನೆ. ಹೊನ್ನಾವರದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬರು ನಿವೃತ್ತ ಮಾಸ್ತರರಿದ್ದರು. ಹೆಸರು ಹೇಳುವುದಿಲ್ಲ. ಜೀವಮಾನವಿಡೀ ಕವಳ, ಅಂದರೆ ಎಲೆ ಅಡಿಕೆ, ಹಾಕಿದವರು. ಕೆನ್ನೆಯ ಒಳಗೆ ಹುಣ್ಣಾಗಿ, ಶಸ್ತ್ರಚಿಕಿತ್ಸೆಯಾಗಿ, ವಿಕಿರಣವೂ ಮುಗಿದ ಮೇಲೆ ಕುತ್ತಿಗೆಯಲ್ಲಿ ಗಂಟು ಮರಳಿ ಬಂತು. ಬೆಂಗಳೂರಿನಲ್ಲಿದ್ದ ಮಗ ಅಮೆರಿಕದ ದೊಡ್ಡ ಆಸ್ಪತ್ರೆಯೊಂದಕ್ಕೆ ಪತ್ರ ಬರೆದು ಅಂದಾಜು ಪಟ್ಟಿ ತರಿಸಿದ. ಮೊತ್ತ ಕೋಟಿ ದಾಟಿತ್ತು. ತೋಟ ಮಾರಿ ಉಳಿದದ್ದನ್ನು ಊರಿನಿಂದ ಕೂಡಿಸುವುದೆಂದು ಮನೆಯವರು ತೀರ್ಮಾನಿಸಿ, ಮನವಿ ಬರೆಸಲು ನನ್ನನ್ನು ಕರೆದರು. ಜಗಲಿಯಲ್ಲಿ ಮಗ, ಅಳಿಯ, ನಾನು ಲೆಕ್ಕ ಹಾಕುತ್ತಿದ್ದೆವು. ಮಾಸ್ತರರು ಪಕ್ಕದಲ್ಲೇ ಆರಾಮಕುರ್ಚಿಯಲ್ಲಿ ಕುಳಿತಿದ್ದರು. ಅವರಿಗೆ ಮಾತು ಆಡಲಾಗುತ್ತಿರಲಿಲ್ಲ. ಶಾಲೆಯ ಮಕ್ಕಳು ಬಳಸುವಂಥ ಎರಡು ಗೆರೆಯ ಕಾಪಿ ಪುಸ್ತಕವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೇಳಬೇಕಾದ್ದನ್ನು ಅದರಲ್ಲಿ ಬರೆಯುತ್ತಿದ್ದರು. ಅಂದು ಒಂದು ಪುಟ ತಿರುಗಿಸಿ ನನ್ನ ಕಡೆ ಚಾಚಿದರು. ಕಪ್ಪು ಹಲಗೆಯ ಮೇಲೆ ಬರೆದ ಹಾಗೆ ದುಂಡು ಅಕ್ಷರ, ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿ ಬರೆದದ್ದು: ಅಲ್ಲಿ ಏನಿದೆ, ಇಲ್ಲಿ ಏನಿಲ್ಲ? ಹೋದರೆ ಎಷ್ಟು ಕಾಲ ಹೆಚ್ಚು? ನನಗೆ ಮಾತು ಬರುತ್ತದೆಯೇ?

ಮಗ ಓದಿದ. “ಅಪ್ಪಯ್ಯ, ನೀವು ಇದನ್ನೆಲ್ಲ ಯೋಚಿಸಬೇಡಿ” ಎಂದ. ಮಾಸ್ತರರು ಪುಸ್ತಕ ವಾಪಸ್ಸು ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: “ಉತ್ತರ ತಂದ ಮೇಲೆ ತೋಟದ ಮಾತು.”

ಆ ಪುಟದ ಫೋಟೊ ತೆಗೆದು ಮಗ ಮುಂಬೈಗೆ ಹೋದ. ಅಪ್ಪನ ಬಾಯಿಯ ಕ್ಯಾನ್ಸರ್ ಬಗ್ಗೆ ಹೆಚ್ಚು ತಿಳಿದವರು ಅಮೆರಿಕಕ್ಕಿಂತ ಹತ್ತಿರದಲ್ಲೇ ಇದ್ದರು. ಕೆನ್ನೆ ಮತ್ತು ವಸಡಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ಎಷ್ಟು ಹೆಚ್ಚೆಂದರೆ, ವೈದ್ಯಕೀಯ ಬರಹಗಳಲ್ಲಿ ಅದಕ್ಕೆ ಭಾರತದ ಬಾಯಿ ಕ್ಯಾನ್ಸರ್ ಎಂದೇ ಹೆಸರಿದೆ. ಕಾರಣ ನಮ್ಮ ಕವಳದ ತಟ್ಟೆಯಲ್ಲೇ ಇದೆ. ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಅಡಿಕೆಯಿಂದಲೇ ಮಕ್ಕಳನ್ನು ಓದಿಸಿದ ಮನೆಗಳಲ್ಲಿ ನಿಂತು ಈ ಮಾತು ಹೇಳುವುದು ನನಗೂ ಕಷ್ಟ. ಹೇಳದೆ ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಬಾಯಿಯಲ್ಲಿ ಮೂರು ಬೆರಳು ಒಂದರ ಮೇಲೊಂದು ಹಿಡಿಯುವಷ್ಟು ತೆರೆಯಲಾಗದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ಆಗ ವಿಮಾನದ ಮಾತೇ ಬರುವುದಿಲ್ಲ.

ಮುಂಬೈಯ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಕ್ಯಾನ್ಸರ್ ಒಂದನ್ನೇ ನೋಡುತ್ತಿದೆ. ಮರುಕಳಿಸಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ಗೆ ಅಲ್ಲಿನ ವೈದ್ಯರು ನಡೆಸಿದ ಒಂದು ಅಧ್ಯಯನ 2022ರಲ್ಲಿ ಹೊರಬಂತು. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ, ಅಂದರೆ ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ, ಔಷಧಿಯನ್ನು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ, ಅಂದರೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇಕಡಾ 16ರಷ್ಟು. ಈ ಔಷಧಿಯನ್ನೂ ಪಡೆದವರಲ್ಲಿ ಶೇಕಡಾ 43ರಷ್ಟು. ಇದು ಪವಾಡವಲ್ಲ. ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷದೊಳಗೇ ತೀರಿಕೊಂಡಿದ್ದಾರೆ. ಆದರೂ ಪೂರ್ಣ ಪ್ರಮಾಣದ ಇಮ್ಯುನೊಥೆರಪಿಯ ಬೆಲೆ ಕೇಳಿ ಬರಿಗೈಯಲ್ಲಿ ಮರಳುತ್ತಿದ್ದ ಮನೆಗಳಿಗೆ ಇದೊಂದು ದಾರಿ, ನಮ್ಮ ಜನರ ಮೇಲೆ, ನಮ್ಮ ಜನರ ಕಿಸೆ ನೋಡಿ ಹುಡುಕಿದ ದಾರಿ.

ಮಾಸ್ತರರಿಗೆ ಆ ದಾರಿಯ ಚಿಕಿತ್ಸೆಯೇ ಆಯಿತು. ಮರುವರ್ಷದ ಕೊನೆಕೊಯ್ಲನ್ನು ಅದೇ ಆರಾಮಕುರ್ಚಿಯಲ್ಲಿ ಕುಳಿತು ನೋಡಿದರು. ಅದರ ಮುಂದಿನ ಮಳೆಗಾಲದಲ್ಲಿ ಹೋದರು. ತೋಟ ಇನ್ನೂ ಆ ಮನೆಯವರದೇ ಆಗಿದೆ, ಮಗನ ಆಯಿ, ಅಂದರೆ ತಾಯಿ, ಆ ಫಸಲಿನಲ್ಲೇ ಬದುಕು ನಡೆಸುತ್ತಿದ್ದಾರೆ. ಅಮೆರಿಕಕ್ಕೆ ಹೋಗಿದ್ದರೆ ಇನ್ನೂ ಬದುಕುತ್ತಿದ್ದರೇ ಎಂದು ಮಗ ಇಂದಿಗೂ ಒಮ್ಮೊಮ್ಮೆ ಕೇಳುತ್ತಾನೆ. ಅವನಿಗೆ ನಾನು ಸಮಾಧಾನದ ಮಾತು ಹೇಳುವುದಿಲ್ಲ. ಅಪ್ಪನ ಮೊದಲ ಪ್ರಶ್ನೆಗೆ ವೈದ್ಯರು ಬರೆದುಕೊಟ್ಟ ಉತ್ತರ ಅವನ ಬಳಿಯೇ ಇದೆ.

ಹತ್ತು ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆಗೆ “ಅಲ್ಲಿ ಇದೆ, ಇಲ್ಲಿ ಇಲ್ಲ” ಎಂಬ ಉತ್ತರ ಆಗಾಗ ಬರುತ್ತಿತ್ತು. ಆ ಪಟ್ಟಿ ಈಗ ಬಹಳ ಚಿಕ್ಕದಾಗಿದೆ. ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ರೋಗಿಯ ಸ್ವಂತ ರಕ್ಷಣಾ ಕೋಶಗಳನ್ನೇ ಹೊರತೆಗೆದು, ಬದಲಾಯಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ ಅಮೆರಿಕದಲ್ಲಿ 2017ರ ಆಗಸ್ಟ್‌ನಲ್ಲಿ ಮೊದಲ ಅನುಮತಿ ಸಿಕ್ಕಿತು. ಆಗ ಅದರ ಬೆಲೆ 4,75,000 ಡಾಲರ್ ಇತ್ತು. ಆಸ್ಪತ್ರೆಯ ಖರ್ಚು ಬೇರೆ. ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದವರು ಇಲ್ಲೇ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಬೆಲೆ ಅಮೆರಿಕದ್ದರ ಸುಮಾರು ಹತ್ತನೆಯ ಒಂದು ಭಾಗ. ಅದೂ ಬಡವರ ಕೈಗೆಟುಕುವ ಮೊತ್ತವಲ್ಲ, ಆದರೆ ಊರು ಮನಸ್ಸು ಮಾಡಿದರೆ ಕೂಡಿಸಬಹುದಾದ ಮೊತ್ತ. ಗಡ್ಡೆಯ ಸುತ್ತಲಿನ ಅಂಗಗಳಿಗೆ ಪೆಟ್ಟು ಕಡಿಮೆ ಮಾಡುವ ಪ್ರೋಟಾನ್ ವಿಕಿರಣಕ್ಕಾಗಿ ಹಿಂದೆ ಹೊರದೇಶಕ್ಕೆ ಹೋಗಬೇಕಿತ್ತು. 2019ರಿಂದ ಅದು ಚೆನ್ನೈಯಲ್ಲಿದೆ, ಆಮೇಲೆ ನವಿಮುಂಬೈಯ ಖಾರ್‌ಘರ್‌ನಲ್ಲಿರುವ ಟಾಟಾ ಕೇಂದ್ರಕ್ಕೂ ಬಂದಿದೆ. ಹೊನ್ನಾವರದಲ್ಲಿ ರೈಲು ಹತ್ತಿದವರು ಪನ್ವೇಲ್‌ನಲ್ಲಿ ಇಳಿದು ಅಲ್ಲಿಗೆ ಹೋಗಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ವಿದೇಶದಲ್ಲಿರುವುದು ಒಂದು ಔಷಧಿ ಮಾತ್ರ ಎಂದಾದರೆ ರೋಗಿ ಅಲ್ಲಿಗೆ ಹೋಗಬೇಕಾಗಿಲ್ಲ, ಔಷಧಿಯೇ ಇಲ್ಲಿಗೆ ಬರಬಹುದು. ಚಿಕಿತ್ಸೆ ನೀಡುತ್ತಿರುವ ವೈದ್ಯರ ಚೀಟಿಯೊಂದಿಗೆ ಫಾರ್ಮ್ 12ಎ ಅರ್ಜಿ ಸಲ್ಲಿಸಿದರೆ, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸ್ವಂತ ಬಳಕೆಗೆ ತರಿಸಿಕೊಳ್ಳಲು 12ಬಿ ಪರವಾನಗಿ ಕೊಡುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಿಗಳ ಮೇಲಿನ ಆಮದು ಸುಂಕವನ್ನು ಪೂರ್ತಿ ತೆಗೆದರು. ಮರುವರ್ಷ ಕ್ಯಾನ್ಸರ್, ಅಪರೂಪದ ಕಾಯಿಲೆ ಮೊದಲಾದವುಗಳ ಇನ್ನೂ 36 ಔಷಧಿಗಳಿಗೆ ವಿನಾಯಿತಿ ಸಿಕ್ಕಿತು. ಔಷಧಿಯ ಬೆಲೆ ಎಂದೂ ಕಲ್ಲಿನ ಮೇಲಿನ ಬರಹವಲ್ಲ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗೆ ಬಳಸುವ ಸೊರಾಫೆನಿಬ್ ತಿಂಗಳಿಗೆ ಸುಮಾರು 2.80 ಲಕ್ಷ ರೂಪಾಯಿ ಇತ್ತು. 2012ರಲ್ಲಿ ನಮ್ಮ ಸರ್ಕಾರ ಹೈದರಾಬಾದಿನ ಕಂಪನಿಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಬೇರೆಯವರದಾದರೂ ತಯಾರಿಸಿ ಮಾರುವ ಅನುಮತಿ, ಕೊಟ್ಟ ಮೇಲೆ ಸುಮಾರು 8,800ಕ್ಕೆ ಇಳಿಯಿತು. ಕೇಳುವವರಿದ್ದಾಗ ದಾರಿ ತೆರೆಯುತ್ತದೆ.

ಎರಡನೆಯ ಅಭಿಪ್ರಾಯ ಎಂದರೆ ನಮ್ಮಲ್ಲಿ ವೈದ್ಯರಿಗೆ ಬೇಸರವಾದೀತು ಎಂಬ ಅಳುಕು ಇದೆ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದ ವಸ್ತು ಯಾವುದೆಂದು ತಿಳಿದುಕೊಳ್ಳಿ. ಬಯಾಪ್ಸಿ ಮಾಡಿದಾಗ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಬ್ಲಾಕ್ ಎನ್ನುತ್ತಾರೆ. ಹೆಬ್ಬೆರಳಿನ ಅಗಲದ ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ ಬೆಳ್ಳಗಿನ ಮೇಣ, ನಡುವೆ ಅಕ್ಕಿಕಾಳಿನಷ್ಟು ಕಂದು ಚುಕ್ಕೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ. ನಿಮ್ಮ ತಂದೆಯ ಅಥವಾ ತಾಯಿಯ ಕಾಯಿಲೆಯ ನಿಜವಾದ ಗುರುತು ಅದು. ಅರ್ಜಿ ಕೊಟ್ಟರೆ ಆಸ್ಪತ್ರೆಯವರು ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಕೊಡುತ್ತಾರೆ, ಸಹಿ ಮಾಡಿ ಪಡೆಯಬೇಕು. ಬಿಸಿಲಿಗೆ ನಿಂತ ಕಾರಿನೊಳಗೆ ಇಡಬೇಡಿ, ಮೇಣ ಮೆತ್ತಗಾದೀತು. ಸ್ಕ್ಯಾನ್‌ನ ಫಿಲ್ಮಿಗಿಂತ ಸಿಡಿ ಮುಖ್ಯ. ಇಷ್ಟು ಕೈಯಲ್ಲಿದ್ದರೆ ರೋಗಿಯನ್ನು ಎಳೆದಾಡದೆ ಮನೆಯವರೊಬ್ಬರೇ ಹೋಗಿ ಕೇಳಿ ಬರಬಹುದು. ಬೆಂಗಳೂರಿನ ಕಿದ್ವಾಯಿ ಇದೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಮಣಿಪಾಲ ಇದೆ. ದೇಶದ ನೂರಾರು ಕ್ಯಾನ್ಸರ್ ಆಸ್ಪತ್ರೆಗಳು ಸೇರಿರುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಮತ್ತು ಟಾಟಾ ಸ್ಮಾರಕದ ತಜ್ಞರಿಂದ ಆನ್‌ಲೈನಿನಲ್ಲೇ ಅಭಿಪ್ರಾಯ ತರಿಸಿಕೊಡುವ ‘ನವ್ಯ’ ಎಂಬ ಸೇವೆಯೂ ಇದೆ.

ಇಷ್ಟಾದ ಮೇಲೂ ಹೋಗಲೇಬೇಕಾದವರು ಇದ್ದಾರೆ. ಇಲ್ಲಿನ ವೈದ್ಯರೇ ಚಿಕಿತ್ಸೆಯ ಹೆಸರು ಬರೆದು, ಇದು ನಮ್ಮಲ್ಲಿ ಇಲ್ಲ ಎಂದು ಸಹಿ ಹಾಕಿದರೆ ಧೈರ್ಯವಾಗಿ ಹೊರಡಿ, ಊರೂ ಧೈರ್ಯವಾಗಿ ಕೊಡಲಿ. ಹೊಸ ಔಷಧಿಯ ಪ್ರಯೋಗದಲ್ಲಿ ಹೆಸರು ಖಚಿತವಾಗಿ ಸೇರಿದ್ದರೆ ಅದೂ ಕಾರಣವೇ. ಆದರೆ ಪ್ರಯೋಗ ಎಂದರೆ ಪ್ರಯೋಗ, ಗುಣದ ಭರವಸೆ ಅಲ್ಲ ಎಂಬುದನ್ನು ಮನೆಯವರೆಲ್ಲ ಕೂತು ಒಪ್ಪಿಕೊಂಡಿರಬೇಕು. ಮಗನೋ ಮಗಳೋ ಅಲ್ಲೇ ನೆಲೆಸಿದ್ದಾರೆ, ವಿಮೆ ಮಾಡಿಸಿ ಕರೆಸಿಕೊಳ್ಳುತ್ತಾರೆ ಎಂಬ ಮಾತನ್ನು ಬಹಳ ಕೇಳುತ್ತೇನೆ. ಪ್ರವಾಸಿಗಳಿಗೆ ಮಾರುವ ವಿಮೆ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ವಿಮಾನ ಹತ್ತಿಸಿದ ಮೇಲೆ ಈ ಸಂಗತಿ ತಿಳಿದರೆ ಅಲ್ಲಿರುವ ಮಕ್ಕಳ ಮನೆಯೂ ಸಾಲದಲ್ಲಿ ಮುಳುಗುತ್ತದೆ. ಇಂಟರ್‌ನೆಟ್ಟಿನಲ್ಲಿ ಕೊನೆಯ ಹಂತದವರನ್ನೂ ಗುಣಪಡಿಸುತ್ತೇವೆ ಎಂದು ಕರೆಯುವ ವಿದೇಶಿ ಕ್ಲಿನಿಕ್‌ಗಳನ್ನಂತೂ ಹತ್ತಿರ ಸೇರಿಸಬೇಡಿ. ಗುಣಪಡಿಸುವೆ ಎಂದು ಮೊದಲೇ ಹೇಳಿ ಮುಂಗಡ ಕೇಳುವವನು ವೈದ್ಯನಲ್ಲ.

ಬ್ಯಾಂಕಿನ ಭಾಗವನ್ನು ಬೇಗ ಮುಗಿಸುತ್ತೇನೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಚಿಕಿತ್ಸೆಗೆ ಅದಕ್ಕಿಂತ ಹೆಚ್ಚು ಬೇಕಾದರೆ ಆಸ್ಪತ್ರೆಯ ಅಂದಾಜು ಪಟ್ಟಿ ತೋರಿಸಿದರೆ ಆಗುತ್ತದೆ. 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಮೂಲದಲ್ಲೇ ತೆರಿಗೆ ವಸೂಲು ಮಾಡುತ್ತದೆ. ಚಿಕಿತ್ಸೆಯ ಉದ್ದೇಶವನ್ನು ಸರಿಯಾಗಿ ನಮೂದಿಸಿದರೆ ದರ ಕಡಿಮೆ, ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಅಲ್ಲಿನ ಆಸ್ಪತ್ರೆಗಳು ವಿದೇಶಿ ರೋಗಿಗಳಿಂದ ದೊಡ್ಡ ಮುಂಗಡ ಕೇಳುತ್ತವೆ. ಚಿಕಿತ್ಸೆ ನಡುವೆ ನಿಂತರೆ ಉಳಿದ ಹಣ ಮರಳಿಸುವ ಷರತ್ತು ಏನೆಂದು ಮೊದಲೇ ಬರೆಸಿಕೊಳ್ಳಿ. ರೋಗಿ ನಿಶ್ಶಕ್ತರಾಗಿದ್ದರೆ ವಿಮಾನ ಕಂಪನಿ ವೈದ್ಯರು ತುಂಬಿದ ನಮೂನೆ ಕೇಳುತ್ತದೆ, ಆಮ್ಲಜನಕ ಬೇಕಿದ್ದರೆ ಮುಂಚೆಯೇ ತಿಳಿಸಬೇಕು. ಪ್ರಾಣ ಅಲ್ಲೇ ಹೋದರೆ ದೇಹ ತರಲು ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಣಿಯಾಗಬೇಕು, ದೇಹ ಕೆಡದಂತೆ ಮಾಡಿದ ಪ್ರಮಾಣಪತ್ರ ಬೇಕು, ಅದಕ್ಕೂ ಹಣ ಎತ್ತಿಡಬೇಕು. ಅಪಶಕುನವೆಂದು ಈ ಮಾತನ್ನು ಯಾರೂ ಆಡುವುದಿಲ್ಲ. ಆದ್ದರಿಂದ ನಾನು ಹೇಳುತ್ತಿದ್ದೇನೆ.

ಇವೆಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿ ಬೇರೆ. ಎಷ್ಟೋ ಮನೆಗಳಲ್ಲಿ ತಂದೆ ತಾಯಿಗೆ ಕಾಯಿಲೆಯ ಹೆಸರನ್ನೇ ಹೇಳಿರುವುದಿಲ್ಲ. ಗಂಟು ಎನ್ನುತ್ತಾರೆ, ಹೊಟ್ಟೆಹುಣ್ಣು ಎನ್ನುತ್ತಾರೆ. ಅವರ ಫೋಟೊ ಮಾತ್ರ ಮೂಗಿಗೆ ನಳಿಕೆ ಹಾಕಿದ ಸ್ಥಿತಿಯಲ್ಲಿ ಊರಿನವರ ಮೊಬೈಲುಗಳಲ್ಲೆಲ್ಲ ತಿರುಗುತ್ತಿರುತ್ತದೆ. ಆಯಿಯ ಕಾಯಿಲೆ ಇಡೀ ತಾಲ್ಲೂಕಿಗೆ ಗೊತ್ತು, ಆಯಿಗೆ ಮಾತ್ರ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲವೆಂದು ನಾವು ಅಂದುಕೊಂಡಿರುತ್ತೇವೆ ಅಷ್ಟೆ. ನೂರಾರು ಬಾಣಂತನ, ಸಾವು ನೋಡಿದ ಹಿರಿಯ ಹೆಂಗಸಿಗೆ ತನ್ನ ಮೈಯೊಳಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲವೇ? ಮಕ್ಕಳ ಮುಖ ನೋಡಿ ಅವರು ಸುಮ್ಮನಿರುತ್ತಾರೆ. ಭಾಷೆ ತಿಳಿಯದ ಊರಿನಲ್ಲಿ, ಗಂಜಿ ಸಿಗದ ಕೋಣೆಯಲ್ಲಿ, ನೋವು ಎಲ್ಲಿ ಎಂದು ನರ್ಸ್‌ಗೆ ಹೇಳಲಾಗದೆ ತಿಂಗಳುಗಟ್ಟಲೆ ಮಲಗುವವರು ಅವರು. ಹೋಗಬೇಕೇ ಬೇಡವೇ ಎಂದು ಮೊದಲು ಕೇಳಬೇಕಾದದ್ದು ಅವರನ್ನು. ಅವರು ಒಪ್ಪಿ ಹೊರಟರೆ ಚಿಕಿತ್ಸೆಗೂ ಬಲ. ಮನೆಯಲ್ಲೇ ಇರುತ್ತೇನೆ ಎಂದರೆ ಅದು ಸೋಲಲ್ಲ, ನಾವು ಕೈಬಿಟ್ಟ ಹಾಗೂ ಅಲ್ಲ. ನೋವು ಕಳೆಯುವ ಚಿಕಿತ್ಸೆ ಪೂರ್ಣವಾದ ಚಿಕಿತ್ಸೆಯೇ. ಮಾರ್ಫಿನ್ ಮಾತ್ರೆ ಸಿಗುವುದು ಕಷ್ಟವಾಗಿದ್ದ ಕಾಲವಿತ್ತು, 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ನಿಯಮ ಸಡಿಲವಾಗಿದೆ. ಅದನ್ನು ಕೇಳಿ ಪಡೆಯಿರಿ. ನರಳುತ್ತ ಸಾಯಬೇಕಾದ ಕಾಲ ಇದಲ್ಲ.

ಈಗ ಸಹಾಯ ಕೇಳುವ ಬಗ್ಗೆ. ಕೇಳುವುದು ನಾಚಿಕೆಯ ಕೆಲಸವಲ್ಲ. ನಮ್ಮ ಕಡೆ ಸಹಾಯಾರ್ಥ ಯಕ್ಷಗಾನ, ತಾಳಮದ್ದಳೆ ನಡೆಸಿ ಆಸ್ಪತ್ರೆಯ ಬಿಲ್ಲು ಕಟ್ಟಿದ ಊರುಗಳಿವೆ. ಇಗರ್ಜಿಯಲ್ಲಿ, ಮಸೀದಿಯಲ್ಲಿ ಜಾತಿ ನೋಡದೆ ಕೂಡಿಸಿ ಕೊಟ್ಟದ್ದನ್ನು ನಾನೇ ಎಣಿಸಿ ಖಾತೆಗೆ ಹಾಕಿದ್ದೇನೆ. ಆದರೆ ಮೊದಲು ಸರ್ಕಾರದಿಂದ ಬರಬೇಕಾದ್ದನ್ನು ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮುಖ್ಯಮಂತ್ರಿ ಪರಿಹಾರ ನಿಧಿಗೂ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇಕಡಾ 75. ಇದನ್ನು ಬಳಸದೆ ಸಾಲ ಮಾಡಿ ಕಾರು ಬಾಡಿಗೆ ಹಿಡಿಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನವಿ ಬರೆಯುವಾಗ ಕಾಯಿಲೆ ಏನು, ಆಸ್ಪತ್ರೆ ಎಷ್ಟು ಕೇಳಿದೆ, ಮನೆಯವರು ಎಷ್ಟು ಹಾಕಿದ್ದಾರೆ, ಸರ್ಕಾರದಿಂದ ಎಷ್ಟು ಬಂದಿದೆ, ಇನ್ನೆಷ್ಟು ಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ರೋಗಿಯ ಒಪ್ಪಿಗೆಯಿಲ್ಲದೆ ಫೋಟೊ ಬೇಡ. ಸಾಧ್ಯವಾದಲ್ಲೆಲ್ಲ ದಾನಿಗಳ ಹಣ ನೇರವಾಗಿ ಆಸ್ಪತ್ರೆಯಲ್ಲಿರುವ ರೋಗಿಯ ಖಾತೆಗೇ ಹೋಗಲಿ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಕೈಗೆ ಬಂದರೆ ಆದಾಯ ತೆರಿಗೆಯ ಪ್ರಶ್ನೆ ಏಳುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಭಟ್ಕಳ, ಹೊನ್ನಾವರದ ಭಾರತೀಯ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳುಹಿಸುವ ಮೊದಲು ಲೆಕ್ಕ ಪರಿಶೋಧಕರನ್ನು ಕೇಳಲಿ.

ಹಣವೊಂದೇ ಸಹಾಯವಲ್ಲ ಎಂದು ಹೇಳಲು ಶಿರಸಿ ಸೀಮೆಯ ಒಂದು ಕೇರಿ ಸಾಕು. ಮನೆಯ ಯಜಮಾನಿಯನ್ನು ಮುಂಬೈಗೆ ಕರೆದೊಯ್ದಾಗ ಕೊನೆಕೊಯ್ಲಿನ ಕಾಲ. ಕೇರಿಯವರು ಸರದಿ ಹಾಕಿಕೊಂಡು ಕೊನೆ ಇಳಿಸಿದರು, ರಾತ್ರಿ ಕುಳಿತು ಸುಲಿದರು, ಬೇಯಿಸಿ ಒಣಗಿಸಿ ಸೊಸೈಟಿಗೆ ಹಾಕಿ ರಸೀದಿಯನ್ನು ದೇವರ ಮುಂದಿನ ಹಲಗೆಯ ಮೇಲೆ ಇಟ್ಟರು. ಹಸುವಿನ ಹಾಲು ಕರೆಯಲು ಒಬ್ಬರು, ಪರೀಕ್ಷೆಗೆ ಓದುತ್ತಿದ್ದ ಹುಡುಗಿಗೆ ಊಟ ಹಾಕಲು ಇನ್ನೊಬ್ಬರು. ಆ ಕುಟುಂಬ ಯಾರ ಮುಂದೆಯೂ ಮನವಿ ಹಿಡಿದು ನಿಲ್ಲಲಿಲ್ಲ.

ಉಪನ್ಯಾಸದ ನಂತರ ಹಲವು ಪ್ರಶ್ನೆಗಳು ಬಂದವು. ಒಬ್ಬ ತಾಯಿ ಕೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. “ಹಣ ಕೂಡಿಸಿದ ಮೇಲೆ ರೋಗಿ ಹೊರಡುವ ಮೊದಲೇ ತೀರಿಕೊಂಡರೆ ಆ ಹಣ ಯಾರದು?”

ಅದು ಮನೆಯವರದಲ್ಲ, ಸಮಿತಿಯದೂ ಅಲ್ಲ. ಮನವಿಯ ಕೊನೆಯಲ್ಲೇ ಒಂದು ಸಾಲು ಸೇರಿಸಿಬಿಡಿ: ಉಳಿದ ಹಣವನ್ನು ಕೇಳಿದ ದಾನಿಗೆ ಮರಳಿಸಲಾಗುವುದು, ಕೇಳದವರ ಹಣವನ್ನು ಇದೇ ತಾಲ್ಲೂಕಿನ ಮುಂದಿನ ರೋಗಿಯ ಆಸ್ಪತ್ರೆ ಖಾತೆಗೆ ಕಟ್ಟಲಾಗುವುದು. ಖಾತೆಗೆ ಇಬ್ಬರ ಸಹಿ ಇರಲಿ, ಅದರಲ್ಲಿ ಒಬ್ಬರು ಮನೆಯವರಲ್ಲದವರಾಗಿರಲಿ. ತಿಂಗಳಿಗೊಮ್ಮೆ ಜಮಾ ಖರ್ಚನ್ನು ಮನವಿ ಅಂಟಿಸಿದ ಗೋಡೆಯ ಮೇಲೆಯೇ ಅಂಟಿಸಿ. ಸೂತಕ ಕಳೆದ ಮೇಲೆ ಒಂದು ತಿಂಗಳೊಳಗೆ ಕೊನೆಯ ಲೆಕ್ಕ ಒಪ್ಪಿಸಿ ಖಾತೆ ಮುಚ್ಚಿಸಿ. ನಮೂನೆ ಬೇಕಾದವರಿಗೆ ನಾನು ಬರೆದುಕೊಡುತ್ತೇನೆ.